ಚಿಗುರದ ಪಾತಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವವರು ಎರಡೂ ಕಾಲ ಒಂದೇ ದಿನದಲ್ಲಿ ಬಂದರೆ ಏನು ಗತಿ ಎಂದು ಹೇಳಿಲ್ಲ. ಆ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಸೊಸೆಯ ಕಾಲ. ಸಂಜೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅತ್ತೆಯ ಕಾಲ. ಎರಡರ ನಡುವೆ ಇದ್ದದ್ದು ನರ್ಸರಿಯಿಂದ ಮನೆಗೆ ಬರುವ ರಸ್ತೆ ಮಾತ್ರ. ಅದನ್ನು ಇಬ್ಬರೂ ಒಟ್ಟಿಗೇ ನಡೆಯುತ್ತಿದ್ದರು, ಮಾತಿಲ್ಲದೆ.

ಊರಂಚಿನ ಆ ನರ್ಸರಿಯಲ್ಲಿ ಹೂಗಿಡ ಬೆಳೆಸುತ್ತಿರಲಿಲ್ಲ, ಮರಗಳನ್ನು ಬೆಳೆಸುತ್ತಿದ್ದರು. ಅದೂ ಬೀಜದಿಂದಲ್ಲ, ಕಡ್ಡಿಯಿಂದ. ಹಿಪ್ಪುನೇರಳೆ, ಅಂಜೂರ, ಪಾಪ್ಲರ್. ಒಳ್ಳೆಯ ತಾಯಿಮರದಿಂದ ಬೆರಳು ದಪ್ಪದ ಎಲೆಯುದುರಿದ ಕೊಂಬೆ ತಂದು, ಗೇಣುದ್ದದ ಕಡ್ಡಿಗಳಾಗಿ ತುಂಡರಿಸಿ, ಬುಡವನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಗಾಜಿನ ಮನೆಯೊಳಗಿನ ಒದ್ದೆ ಮರಳಿನ ಪಾತಿಯಲ್ಲಿ ಸಾಲಾಗಿ ಚುಚ್ಚಬೇಕು. ಮೇಲಿನ ನಳಿಕೆಗಳು ಆಗಾಗ ಮಂಜಿನಂಥ ನೀರು ಉಗುಳುತ್ತಿದ್ದವು. ಕೆಲವು ವಾರಗಳಲ್ಲಿ ಕಡ್ಡಿ ಬೇರು ಬಿಟ್ಟರೆ ಅದನ್ನು ಚೀಲಕ್ಕೆ ಬದಲಿಸುವುದು. ಅಲ್ಲಿಂದಾಚೆ ಅದು ಮರದ ಮರಿ. ಅತ್ತೆ ಹರೆಯದಲ್ಲೇ ಆ ಕೆಲಸಕ್ಕೆ ಸೇರಿದವಳು. ಅವಳ ಕೈಯಿಂದ ಹೋದ ಕಡ್ಡಿ ಒಣಗಿದ್ದನ್ನು ಕಂಡವರಿಲ್ಲ ಎಂಬ ಮಾತಿತ್ತು. ಮದುವೆಯಾಗಿ ಬಂದ ಸೊಸೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕತ್ತರಿ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವಳೂ ಅವಳೇ.

ಹಳೆಯ ಮೇಸ್ತ್ರಿ ಮಂಡಿನೋವೆಂದು ಕೆಲಸ ಬಿಟ್ಟಾಗ, ಆ ಜಾಗ ಅತ್ತೆಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಮಾಲೀಕ ಸೊಸೆಯನ್ನು ಕರೆದ. ಅವಳಿಗೆ ಮೊಬೈಲಿನಲ್ಲಿ ಸಂದೇಶ ಕಳಿಸಲು ಬರುತ್ತದೆ, ಶಾಖದ ಅಳತೆ ಓದಲು ಬರುತ್ತದೆ, ಗಿರಾಕಿಗಳ ಹತ್ತಿರ ಮಾತಾಡಲು ಬರುತ್ತದೆ ಎಂದ. ಸೊಸೆ ಒಂದು ದಿನ ಯೋಚಿಸಿ ಒಪ್ಪಿಕೊಂಡಳು. ಆ ಒಂದು ದಿನದಲ್ಲಿ ಅತ್ತೆಯನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ 'ಒಪ್ಪಿಕೋ' ಎನ್ನುತ್ತಿದ್ದಳೋ ಏನೋ. ಕೇಳದೆ ಹೋದದ್ದು ಮಾತ್ರ ಮುಳ್ಳಾಗಿ ಉಳಿಯಿತು.

ಅಂದಿನಿಂದ ಅತ್ತೆ ಅವಳನ್ನು ಮನೆಯಲ್ಲೂ 'ಮೇಸ್ತ್ರಮ್ಮ' ಎಂದು ಕರೆಯತೊಡಗಿದಳು.

"ಮೇಸ್ತ್ರಮ್ಮ ಅಪ್ಪಣೆ ಕೊಟ್ರೆ ಅಕ್ಕಿ ತೊಳಿತೀನಿ."

"ಅತ್ತೆ, ನಾನೇನು ಅಪ್ಪಣೆ ಕೊಡೋದು?"

"ಕೊಡೋರು ಕೊಡಬೇಕಮ್ಮ. ಕೂಲಿಯವಳು ನಾನು, ಕಾಯಬೇಕು."

ಇಂಥದ್ದು ನಡೆಯುವಾಗ ಗಂಡ ತಟ್ಟೆಯ ಮೇಲೆ ಬಗ್ಗಿ ಬೇಗ ಬೇಗ ತಿಂದುಬಿಡುತ್ತಿದ್ದ. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು. ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ಮಧ್ಯಾಹ್ನ ಬಂದು ಮಲಗುವವನಿಗೆ ಮನೆಯ ಜಗಳದಲ್ಲಿ ಅರ್ಧ ಯಾವಾಗಲೂ ತಪ್ಪಿಹೋಗುತ್ತಿತ್ತು. ಉಳಿದರ್ಧ ಕಿವಿಗೆ ಬಿದ್ದಾಗ, ಹಾವೂ ಸಾಯದ ಕೋಲೂ ಮುರಿಯದ ಒಂದು ಮಾತು ಹೇಳಿ ಹಾಸಿಗೆಗೆ ಹೋಗುತ್ತಿದ್ದ. ಶಾಲೆಯ ಕೊನೆಯ ವರ್ಷದಲ್ಲಿದ್ದ ಮಗಳು ಪುಸ್ತಕ ಹಿಡಿದು ಅಜ್ಜಿಯ ಪಕ್ಕದಲ್ಲೇ ಕೂರುತ್ತಿದ್ದಳು. ಅಜ್ಜಿಯ ಸೂಜಿಗೆ ದಾರ ಪೋಣಿಸಿ ಕೊಡುವುದು, ಅಜ್ಜಿಯ ಮಾತ್ರೆಯ ಹೆಸರು ಓದಿ ಹೇಳುವುದು ಅವಳ ಕೆಲಸ. ಅಜ್ಜಿಗೂ ಮೊಮ್ಮಗಳಿಗೂ ಬಹಳ ಹೊಂದಿಕೆ ಎಂದು ಸೊಸೆ ತಿಳಿದುಕೊಂಡಿದ್ದಳು.

ಚಳಿ ಇಳಿಯುವ ಮೊದಲೇ ನರ್ಸರಿಗೆ ದೊಡ್ಡ ಬೇಡಿಕೆ ಬಂತು. ಹೊಸ ರಸ್ತೆಯ ಎರಡೂ ಬದಿಗೆ ನೆರಳಿಗಾಗಿ ಹಿಪ್ಪುನೇರಳೆ. ಕೈಕತ್ತರಿಯಲ್ಲಿ ಒಂದೊಂದೇ ತುಂಡರಿಸುತ್ತ ಕೂತರೆ ಮುಗಿಯದ ಕೆಲಸ. ಸೊಸೆಯೇ ಮಾಲೀಕನಿಗೆ ಹೇಳಿ ಕಡ್ಡಿ ಕತ್ತರಿಸುವ ಯಂತ್ರ ತರಿಸಿದಳು. ಕೊಂಬೆಯ ಕಂತೆ ಇಟ್ಟು ಹಿಡಿ ಒತ್ತಿದರೆ ಕಂತೆ ಪೂರ್ತಿ ಒಂದೇ ಅಳತೆಗೆ ತುಂಡಾಗಿ ಬೀಳುತ್ತಿತ್ತು. ಮೊದಲು ಕಡ್ಡಿಯ ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕೊಯ್ಯುವ ಪದ್ಧತಿ ಇತ್ತು. ಯಂತ್ರಕ್ಕೆ ಓರೆ ಗೊತ್ತಿಲ್ಲ. ಎರಡೂ ತುದಿ ನೇರ.

ಮೊದಲ ದಿನವೇ ಅತ್ತೆ ಒಂದು ಕಡ್ಡಿ ಎತ್ತಿಕೊಂಡು, ಅದರ ಎರಡೂ ತುದಿಗಳ ಮೇಲೆ ಹೆಬ್ಬೆರಳು ಆಡಿಸಿ, ಎಲ್ಲರೂ ಕೇಳುವ ಹಾಗೆ ಹೇಳಿದಳು.

"ತಲೆ ಯಾವುದು, ಬುಡ ಯಾವುದು ಅಂತ ಹೇಗೆ ತಿಳಿಯೋದು? ಓರೆಯಾಗಿ ಕೊಯ್ಯೋದು ಸುಮ್ನೆ ಅಂದ್ಕೊಂಡ್ರಾ?"

ಆ ಹೊತ್ತಿಗೆ ಸೊಸೆ ಬೆಳಗಿನಿಂದ ನಿಂತೇ ಇದ್ದಳು. ಮಾಲೀಕ ಎರಡು ಸಲ ಫೋನ್ ಮಾಡಿದ್ದ. ಮನೆಯಲ್ಲಿ ಹಿಂದಿನ ದಿನದ ಪಾತ್ರೆ ಹಾಗೇ ಬಿದ್ದಿತ್ತು.

"ಮೊಗ್ಗು ಮೇಲೆ ನೋಡ್ತಾ ಇದ್ರೆ ಅದು ತಲೆ, ಅತ್ತೆ. ಕಣ್ಣಿಟ್ಟು ನೋಡಿದ್ರೆ ಗೊತ್ತಾಗುತ್ತೆ."

ಯಾರೋ ಕಿಸಕ್ಕೆಂದರು. ಅತ್ತೆ ಕಡ್ಡಿಯನ್ನು ಬುಟ್ಟಿಗೆ ಹಾಕಿ, ದಪ್ಪ ರಬ್ಬರ್ ಕೈಗವಸು ಏರಿಸಿಕೊಂಡು ಪಾತಿಯ ಗೋಡೆ ಬದಿಗೆ ಹೋಗಿ ಕೂತಳು. ಪುಡಿಯಿಂದ ಚರ್ಮ ಸುಲಿಯುತ್ತದೆಂದು ಕೈಗವಸು ಹಾಕಲೇಬೇಕೆಂಬ ನಿಯಮವೂ ಹೊಸ ಮೇಸ್ತ್ರಿಯದೇ. ಪಾತಿಯ ಈಚೆ ಬದಿಗೆ ಕೂತದ್ದು ಗಿಳಿ. ಬಾಯಿಗೆ ಬಿಡುವಿಲ್ಲದ್ದರಿಂದ ಅವಳಿಗೆ ಆ ಹೆಸರು. ಕಡ್ಡಿ ಚುಚ್ಚುತ್ತ ಚುಚ್ಚುತ್ತ ತನ್ನ ಬೀದಿಯ ಜಗಳ, ಬೆಕ್ಕು, ನಲ್ಲಿ, ನಾದಿನಿ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದಳು. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಅಲ್ಲಿಂದ ಮುಂದಿನ ವಾರಗಳು ಸೊಸೆಗೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಳೆದವು. ಗಾಜಿನ ಮನೆಯ ಬೆವರು, ಹೊರಗಿನ ಚಳಿಗಾಳಿ. ಮೈಮೇಲಿನ ಬಟ್ಟೆ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುತ್ತಿತ್ತು. ಮನೆಗೆ ಬಂದರೆ ಅಲ್ಲಿ ಬೇರೆ ತರದ ದಣಿವು. ಅತ್ತೆ ಅಡುಗೆಯಲ್ಲಿ ಹಟ ತೋರಿಸುತ್ತಿದ್ದಾಳೆ ಎಂದು ಅವಳಿಗೆ ಅನ್ನಿಸತೊಡಗಿತು. ಬೇಳೆಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಅನ್ನದಲ್ಲಿ ಕಲ್ಲು. ತೊಳೆದಿಟ್ಟ ತಟ್ಟೆಯ ಅಂಚಿನಲ್ಲಿ ನಿನ್ನೆಯ ಅಗುಳು ಒಣಗಿ ಕೂತಿರುತ್ತಿತ್ತು. ಗಾಜಿನ ಲೋಟಗಳು ಒಂದೊಂದಾಗಿ ಒಡೆದು, ಕೊನೆಗೆ ಎಲ್ಲರೂ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುವಂತಾಯಿತು. ಒಂದು ಸಂಜೆ ಗಂಡ ಬಾಯಿಗಿಟ್ಟ ತುತ್ತನ್ನು ಹೊರಗೆ ತೆಗೆದು ಕಲ್ಲು ಹೆಕ್ಕಿ ತಟ್ಟೆಯಂಚಿಗೆ ಇಟ್ಟಾಗ, ಸೊಸೆಗೆ ತಡೆಯಲಾಗಲಿಲ್ಲ.

"ನನ್ನ ಮೇಲಿನ ಸಿಟ್ಟಿಗೆ ಅನ್ನಕ್ಕೆ ಕಲ್ಲು ಹಾಕಬೇಡಿ ಅತ್ತೆ. ನಿಮ್ಮ ಮಗನ ಹಲ್ಲೇ ಹೋಗೋದು."

ಅತ್ತೆ ತನ್ನ ತಟ್ಟೆಯ ಅನ್ನವನ್ನು ಹರಡಿ ಬೆರಳಿನಿಂದ ಕಲ್ಲು ತಡಕತೊಡಗಿದಳು. ಮಗಳು ಅಮ್ಮನನ್ನು ದುರುಗುಟ್ಟಿ ನೋಡಿ, ಮರುದಿನದಿಂದ ಅಕ್ಕಿ ಆರಿಸುವುದು ತನ್ನ ಕೆಲಸ ಎಂದಳು. ಪರೀಕ್ಷೆ ಹತ್ತಿರ ಬಂತು, ಓದು ಬಿಟ್ಟು ಅಕ್ಕಿ ಆರಿಸ್ತಾಳಂತೆ ಎಂದು ಸೊಸೆ ಬೈದಳು. ಮಗಳು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಹಿಪ್ಪುನೇರಳೆಯ ಪಾತಿಗಳು ಚಿಗುರತೊಡಗಿದವು. ಸಾಲಿಗೆ ಸಾಲು, ಹಕ್ಕಿಯ ಕೊಕ್ಕಿನ ಹಾಗೆ ಹಸಿರು ಮೊನೆ. ಗೋಡೆ ಬದಿಯ ಉದ್ದ ಪಾತಿ ಮಾತ್ರ ಪೂರ್ತಿ ಬಾಯಿ ಬಿಡಲಿಲ್ಲ. ಈಚೆ ಬದಿಯ ಸಾಲುಗಳು ಚೆನ್ನಾಗಿದ್ದವು. ಗೋಡೆ ಕಡೆಯ ಆಚೆ ಬದಿಯಲ್ಲಿ ಒಂದು ಚಿಗುರಿದರೆ ಪಕ್ಕದ ಎರಡು ಕಪ್ಪಗೆ ಕೂತಿದ್ದವು. ಕೆಲವು ಒಂದಿಷ್ಟು ಹಸಿರು ತೋರಿಸಿ ಸುಟ್ಟ ಹಾಗೆ ಮುದುಡಿದ್ದವು. ಸೊಸೆ ನೀರು ಹೆಚ್ಚಾಯಿತೇನೋ ಎಂದು ನಳಿಕೆ ಸರಿಪಡಿಸಿದಳು. ಶಿಲೀಂಧ್ರವೇನೋ ಎಂದು ಔಷಧಿ ಹಾಕಿಸಿದಳು. ಕೊನೆಗೊಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದು ಕಡ್ಡಿ ಕಿತ್ತು ನೋಡಿದಳು. ಮೊಗ್ಗುಗಳೆಲ್ಲ ಕೆಳಗೆ ಮುಖ ಮಾಡಿದ್ದವು. ಇನ್ನೊಂದು ಕಿತ್ತಳು. ಅದೂ ಅಷ್ಟೇ. ಮೂರನೆಯದು ಸರಿಯಾಗಿತ್ತು, ನಾಲ್ಕನೆಯದು ಮತ್ತೆ ತಲೆಕೆಳಗು. ನಾಣ್ಯ ಚಿಮ್ಮಿ ಚುಚ್ಚಿದ ಹಾಗಿತ್ತು.

ಅವಳು ಪಾತಿಯ ಅಂಚಿಗೆ ಕೂತುಬಿಟ್ಟಳು. ಒಡೆದ ಲೋಟ, ಎರಡು ಸಲದ ಉಪ್ಪು, ಅನ್ನದ ಕಲ್ಲು, ಸೂಜಿಯ ದಾರ ಎಲ್ಲ ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು. ಕಣ್ಣಿಟ್ಟು ನೋಡಿ ಎಂದು ಅಷ್ಟು ಜನರ ಮುಂದೆ ಹೇಳಿದ್ದಳು. ಇಷ್ಟು ಕಾಲ ಆ ಮುದುಕಿ ಹೆಬ್ಬೆರಳಿಗೆ ಸಿಗುತ್ತಿದ್ದ ಓರೆಯನ್ನೇ ನಂಬಿಕೊಂಡು ಕೆಲಸ ಮಾಡಿದ್ದಳು. ಅದನ್ನು ಯಂತ್ರ ತರಿಸಿ ಕಿತ್ತುಕೊಂಡದ್ದು ತಾನು. ಮೊಗ್ಗಾದರೂ ಬೆರಳಿಗೆ ಸಿಗುತ್ತಿತ್ತೇನೋ, ಅದಕ್ಕೆ ಕೈಗವಸು ಹಾಕಿಸಿದವಳೂ ತಾನೇ.

ಅತ್ತೆಯೊಡನೆ ಹೇಗೆ ಮಾತೆತ್ತುವುದು ಎಂದು ಅವಳು ಲೆಕ್ಕ ಹಾಕುತ್ತಿರುವಾಗಲೇ ಮಾಲೀಕ ಬಂದ. ಅವನೂ ಒಂದೆರಡು ಕಡ್ಡಿ ಕಿತ್ತ. ನೋಡಿದ. ಅವನಿಗೂ ಅರ್ಥವಾಯಿತು. ಆ ಪಾತಿಗೆ ಕೂತವರು ಯಾರೆಂದು ಕೇಳಿದ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಗಿಳಿ, ತಾನೂ ಅಜ್ಜಿಯೂ ಎಂದಳು.

"ಅಜ್ಜಿ ಕೈ ತಪ್ಪೋ ಕೈ ಅಲ್ಲ," ಎಂದ ಮಾಲೀಕ. "ನಿನ್ನ ಗಮನ ಕೈ ಮೇಲಿದ್ರೆ ತಾನೇ? ನಾಳೆಯಿಂದ ನೀನು ಬರೋದು ಬೇಡ."

ಗಿಳಿ ತಾನು ಈಚೆ ಬದಿಯಲ್ಲಿದ್ದೆ ಎಂದಳು. ನಡುವೆ ಒಂದೆರಡು ಸಲ ಬದಿ ಬದಲಿಸಿದ್ದೆವೇನೋ ಎಂದೂ ತಾನೇ ಸೇರಿಸಿದಳು. ಮಾತು ಹೆಚ್ಚಾದವರಿಗೆ ಬರುವ ಕಷ್ಟವೇ ಅದು, ತಮ್ಮ ಮಾತನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ಅವಳು ಮೇಸ್ತ್ರಿಯ ಮುಖ ನೋಡಿದಳು. ಬದಿ ಬದಲಾಗಿರಲಿಲ್ಲ ಎಂದು ಸೊಸೆಗೆ ಗೊತ್ತಿತ್ತು. ಅವಳು ಕೈಯಲ್ಲಿದ್ದ ಕಡ್ಡಿಯನ್ನು ಮತ್ತೆ ಮರಳಿಗೆ ಚುಚ್ಚಿದಳು. ಆಚೆ ಟ್ರೇ ತೊಳೆಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. ನೀರಿನ ಸದ್ದು ಮಾತ್ರ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಗಿಳಿ ತನ್ನ ಊಟದ ಡಬ್ಬಿ ತೆಗೆದುಕೊಂಡು ಹೊರಟಳು.

ಆ ಸಂಜೆ ರಸ್ತೆಯುದ್ದಕ್ಕೂ ಸೊಸೆ ಮೊದಲ ಸಲ ಅತ್ತೆಯ ನಡಿಗೆಯನ್ನು ಗಮನಿಸಿದಳು. ಅತ್ತೆ ಗೋಡೆಯ ಬದಿಗೇ ನಡೆಯುತ್ತಿದ್ದಳು. ಮೆಟ್ಟಿಲು ಬಂದಲ್ಲಿ ಕಾಲನ್ನು ಮುಂದೆ ಚಾಚಿ, ನೆಲ ಸಿಕ್ಕ ಮೇಲೆ ಹೆಜ್ಜೆ ಇಡುತ್ತಿದ್ದಳು. ರಸ್ತೆ ದಾಟುವಾಗ ಸೊಸೆಯ ಹೆಜ್ಜೆಯ ಸದ್ದಿಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದಳು. ಮಾತಾಡದಿದ್ದರೂ ಒಟ್ಟಿಗೇ ಬರುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಊಟಕ್ಕೆ ಮೊಟ್ಟೆ, ಆಲೂಗಡ್ಡೆ, ಗಂಡ ತಂದ ಬ್ರೆಡ್ಡು. ಎಲ್ಲರ ತಟ್ಟೆಗೆ ಬಡಿಸಿದ ಮೇಲೆ ಸೊಸೆ ತಾನು ಬಡಿಸಿಕೊಳ್ಳದೆ ಕೂತಳು.

"ಅತ್ತೆ, ನಿಮ್ಮ ಕಣ್ಣು ಯಾವಾಗಿನಿಂದ ಕಾಣ್ತಿಲ್ಲ?"

ಮಗಳು ಬ್ರೆಡ್ಡು ಕೆಳಗಿಟ್ಟಳು. ಕಣ್ಣು ಚೆನ್ನಾಗೇ ಇದೆ ಎಂದಳು ಅತ್ತೆ. ಹಾಗಾದರೆ ಬೇಕೆಂದೇ ಕಡ್ಡಿ ತಲೆಕೆಳಗೆ ಚುಚ್ಚಿದಿರಾ ಎಂದು ಸೊಸೆ ಕೇಳಿದಳು. ಅಮ್ಮನನ್ನು ಕಳ್ಳರನ್ನು ಕೇಳುವ ಹಾಗೆ ಕೇಳಬೇಡ ಎಂದು ಗಂಡ ಗದರಿದ. ಅಷ್ಟರಲ್ಲಿ ಮಗಳು ಅಳುತ್ತ ಬಾಯಿಬಿಟ್ಟಳು. ಅಜ್ಜಿಗೆ ಕಳೆದ ವರ್ಷದಿಂದಲೇ ಮಸುಕು, ಪಕ್ಕದಿಂದ ಬಂದದ್ದು ಕಾಣುವುದೇ ಇಲ್ಲ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದಾಳೆ.

"ಹೇಳಿದ್ರೆ ಏನಾಗ್ತಿತ್ತಮ್ಮ?" ಎಂದ ಗಂಡ. "ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ವಿ."

"ಕರ್ಕೊಂಡು ಹೋಗ್ತಿದ್ರಿ. ಆಮೇಲೆ ಮೂಲೇಲಿ ಕೂರಿಸ್ತಿದ್ರಿ." ಅತ್ತೆಯ ದನಿ ಏರಲಿಲ್ಲ. "ದುಡಿಯೋವರೆಗೆ ನಾನು ಜಗಳ ಆಡಬಹುದು. ಕೂತು ಉಣ್ಣೋಳು ಯಾರ ಹತ್ರ ಜಗಳ ಆಡ್ಲಿ?"

ಸೊಸೆ ಅತ್ತೆಯ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಇಟ್ಟು, ಗಿಳಿಯ ವಿಷಯ ಎತ್ತಿದಳು. ಗಂಡ, ಈಗ ಅದನ್ನು ಕೆದಕಿದರೆ ಇಬ್ಬರ ಕೆಲಸವೂ ಹೋಗುತ್ತದೆ, ಗಿಳಿಗೆ ಬೇರೆಲ್ಲಾದರೂ ಸಿಗುತ್ತದೆ, ಸುಮ್ಮನಿರುವುದು ವಾಸಿ ಎಂದ. ಅವನು ಕೆಟ್ಟವನಲ್ಲ. ಹಿಟ್ಟಿನ ಚೀಲ ಎತ್ತಿ ಎತ್ತಿ ಅವನ ಸೊಂಟ ಸೋತಿತ್ತು, ಇನ್ನೊಂದು ಭಾರ ಅವನಿಗೆ ಬೇಡವಾಗಿತ್ತು ಅಷ್ಟೇ.

"ಅವಳು ನನ್ನ ಮುಖ ನೋಡಿದ್ಲು ರೀ," ಎಂದಳು ಸೊಸೆ. "ನಾನು ಬಾಯಿ ಬಿಡ್ಲಿಲ್ಲ."

"ನಾನೂ ಬಿಡ್ಲಿಲ್ಲ," ಎಂದಳು ಅತ್ತೆ. ತಟ್ಟೆಯನ್ನು ಮುಂದಕ್ಕೆ ತಳ್ಳಿ, ಗೋಡೆ ಹಿಡಿದು ಎದ್ದು ಹೋದಳು.

ಬೆಳಿಗ್ಗೆ ಸೊಸೆ ಎದ್ದಾಗ ಅತ್ತೆಯ ಹಾಸಿಗೆ ಮಡಚಿತ್ತು, ಬಾಗಿಲು ಸುಮ್ಮನೆ ಮುಂದೆ ಹಾಕಿತ್ತು. ಸೊಸೆ ತಲೆ ಬಾಚಿಕೊಳ್ಳದೆ ಓಡಿದಳು. ಲಾರಿಗಳು ಓಡಾಡುವ ರಸ್ತೆಯನ್ನು ಅತ್ತೆ ಒಬ್ಬಳೇ ದಾಟಿರಬೇಕು. ನರ್ಸರಿಯ ಗೇಟಿನೊಳಗೆ, ಕಾವಲುಗಾರನ ಸ್ಟೂಲಿನ ಮೇಲೆ ಅತ್ತೆ ಕೂತಿದ್ದಳು. ಒಂದು ಮಂಡಿ ತರಚಿ ಬಟ್ಟೆಗೆ ರಕ್ತ ಹತ್ತಿತ್ತು. ಎದುರಿಗೆ ಮಾಲೀಕ ನಿಂತಿದ್ದ. ಹೇಳಬೇಕಾದ್ದೆಲ್ಲ ಹೇಳಿ ಮುಗಿದಿತ್ತು.

ಮಾಲೀಕ ಸೊಸೆಯ ಕಡೆ ತಿರುಗಿ, ನಿನಗೆ ಗೊತ್ತಿತ್ತಾ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ ಎಂದು ಅತ್ತೆ ತಟ್ಟನೆ ಹೇಳಿದಳು. ಆ ಮಾತಿನ ನೆರಳಿಗೆ ಸರಿದುಕೊಳ್ಳುವುದು ಬಹಳ ಸುಲಭವಿತ್ತು.

"ಗೊತ್ತಿತ್ತು," ಎಂದಳು ಸೊಸೆ. "ಗಿಳಿಯನ್ನ ನೀವು ಕಳಿಸೋವಾಗಲೇ ಗೊತ್ತಿತ್ತು. ಯಂತ್ರ ತರಿಸಿದ್ದೂ ನಾನೇ."

ಮಾಲೀಕ ಬೈದ. ಕೂಗಾಡಲಿಲ್ಲ, ಆದರೆ ನೆನಪಿಟ್ಟುಕೊಳ್ಳುವ ಹಾಗೆ ಬೈದ. ಸೊಸೆಯ ಮೇಸ್ತ್ರಿಕೆ ಉಳಿಯಿತು, ಬೇಡಿಕೆ ತಲೆ ಮೇಲಿರುವಾಗ ಅವನಿಗೆ ಬೇರೆ ದಾರಿ ಇರಲಿಲ್ಲ. ಗಿಳಿಯನ್ನು ಕರೆಸುತ್ತೇನೆ ಎಂದ. ಅತ್ತೆಗೆ ಇನ್ನು ಮನೆಯಲ್ಲಿರಿ ಅಜ್ಜಿ ಎಂದ. ಮಣ್ಣು ತುಂಬುವ ಕೆಲಸವಾದರೂ ಕೊಡಿ ಎಂದು ಸೊಸೆ ಕೇಳಿದಳು. ಓಡಾಡುವ ಗಾಡಿಗಳ ನಡುವೆ ಎಲ್ಲಾದರೂ ಬಿದ್ದರೆ ಯಾರು ಹೊಣೆ ಎಂದು ಅವನು ಕೇಳಿದ. ಅತ್ತೆ ತನ್ನ ಕೈಕತ್ತರಿಯನ್ನು ತೆಗೆದುಕೊಳ್ಳಲೂ ಒಳಗೆ ಹೋಗಲಿಲ್ಲ.

ಗಿಳಿ ಮರಳಿ ಬಂದಳು. ಸತ್ತ ಪಾತಿಯನ್ನು ಕಿತ್ತು, ಮರಳು ಬದಲಿಸಿ, ಹೊಸ ಕಡ್ಡಿ ಚುಚ್ಚುವ ಕೆಲಸ ಅವಳಿಗೂ ಸೊಸೆಗೂ ಬಿತ್ತು. ಪಾತಿಯ ಆಚೆ ಈಚೆ ಕೂತು ದಿನವಿಡೀ ಕೆಲಸ ಮಾಡಿದರು. ಗಿಳಿ ಆಚೆ ಸಾಲಿನವರೊಡನೆ, ನೀರು ಬಿಡುವವನೊಡನೆ, ಗಾಜಿನ ಮೇಲೆ ಕೂತ ಕಾಗೆಯೊಡನೆ ಮಾತಾಡಿದಳು. ಎದುರಿಗಿದ್ದ ಮೇಸ್ತ್ರಿಯೊಡನೆ ಒಂದು ಮಾತೂ ಆಡಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ದಿನಗಳು ಕಳೆದರೂ ಹಾಗೇ.

ಕಣ್ಣಿನ ಡಾಕ್ಟರು, ಒಳಗಿನ ಒತ್ತಡದಿಂದ ನರ ಸೊರಗಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಬೆಳಿಗ್ಗೆ ಸಂಜೆ ಹನಿ ಬಿಡುವುದು ತಪ್ಪಬಾರದು. ಬೇಗ ಬಂದಿದ್ದರೆ ಎಂದು ಅವರು ಶುರುಮಾಡಿದ ಮಾತನ್ನು ಗಂಡನ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಅಡುಗೆಮನೆಯಲ್ಲಿ ಹೊಸ ಜಗಳಗಳು ಹುಟ್ಟಿದವು. ಉಪ್ಪಿನ ಡಬ್ಬಿ ಒಲೆಯ ಎಡಕ್ಕೇ ಇರಬೇಕು, ಸೌಟು ಮೊಳೆಯಲ್ಲೇ ನೇತಾಡಬೇಕು, ಯಾರೂ ಕುರ್ಚಿಯನ್ನು ದಾರಿಯಲ್ಲಿ ಬಿಡಬಾರದು. ಬಿಟ್ಟರೆ ಅತ್ತೆಯ ಬಾಯಿಗೆ ಮೊದಲಿನ ಹರಿತ ಬರುತ್ತಿತ್ತು. ಮಗಳು ಬೈಸಿಕೊಂಡು ನಗುತ್ತಿದ್ದಳು. ಗಂಡ ಬೈಸಿಕೊಂಡು ಕುರ್ಚಿ ಎತ್ತಿಡುತ್ತಿದ್ದ. ಸೊಸೆಗೆ ಮಾತ್ರ ಬೈಗುಳವೂ ಇರಲಿಲ್ಲ, ಮೇಸ್ತ್ರಮ್ಮ ಎಂಬ ಕೊಂಕೂ ಇರಲಿಲ್ಲ. ಅವಳು ಬಂದರೆ ಅತ್ತೆ ಸುಮ್ಮನಾಗುತ್ತಿದ್ದಳು. ಹನಿಯನ್ನು ಯಾರ ಕೈಯಿಂದಲೂ ಹಾಕಿಸಿಕೊಳ್ಳುತ್ತಿರಲಿಲ್ಲ. ತಾನೇ ತಲೆಯೆತ್ತಿ ಅಂದಾಜಿನ ಮೇಲೆ ಬಿಟ್ಟುಕೊಂಡರೆ ಅರ್ಧ ಕೆನ್ನೆಗೆ, ಅರ್ಧ ಕಿವಿಗೆ. ಸೊಸೆ ನೋಡಿದರೂ ನೋಡದ ಹಾಗೆ ಇರುತ್ತಿದ್ದಳು. ಕೇಳಿ ಬೇಡವೆನ್ನಿಸಿಕೊಳ್ಳಲು ಅವಳಲ್ಲಿ ತ್ರಾಣವಿರಲಿಲ್ಲ.

ಒಂದು ಸಂಜೆ ಅವಳು ಕೆಲಸದಿಂದ ಬಂದವಳೇ ಗೋಡೆಗೊರಗಿ ಕಾಲು ಚಾಚಿ ನೆಲದಲ್ಲೇ ಕೂತಿದ್ದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅತ್ತೆ ಒಳಗಿನಿಂದ ಗೋಡೆ ಸವರಿಕೊಂಡು ಬಂದು, ಅವಳ ಪಕ್ಕದಲ್ಲಿ ಕೂತು, ಸಣ್ಣ ಶೀಶೆಯನ್ನು ಮುಂದೆ ಚಾಚಿದಳು.

"ನನ್ನ ಕೈಲಿ ಆಗ್ತಿಲ್ಲ. ಹಾಕು."

ಸೊಸೆ ಎದ್ದು ಹೋಗಿ ನರ್ಸರಿಯ ಪುಡಿಯ ವಾಸನೆ ಹೋಗುವ ತನಕ ಸೋಪು ಹಚ್ಚಿ ಕೈ ತೊಳೆದು ಬಂದಳು. ಅತ್ತೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮುಖವನ್ನು ಮುಟ್ಟಿದ್ದು ಅದೇ ಮೊದಲು. ರೆಪ್ಪೆ ತೆಳ್ಳಗೆ, ಬೆಚ್ಚಗಿತ್ತು. ಸೊಸೆ ಅದನ್ನು ಬಿಡಿಸಿ ಹಿಡಿದಳು. ಅತ್ತೆಯ ಕಣ್ಣು ಅವಳನ್ನು ಹುಡುಕಿ, ಸ್ವಲ್ಪ ಪಕ್ಕಕ್ಕೆ ನೋಡುತ್ತ ನಿಂತಿತು.

"ಗಿಳಿ ಮಾತಾಡಿದ್ಲಾ?"

"ಇಲ್ಲ. ಅಲುಗಾಡಬೇಡಿ."

"ಅವಳು ಮಾತಾಡ್ಲಿ ಅಂತ ಕಾಯಬೇಡ. ನೀನೇ ಅವಳ ಮನೆಗೆ ಹೋಗು. ನನ್ನನ್ನೂ ಕರ್ಕೊಂಡು ಹೋಗು. ತಪ್ಪು ಮಾಡಿದೋರು ಬಾಗಿಲಿಗೆ ಹೋಗಬೇಕು."

"ಹೋಗೋಣ ಅತ್ತೆ."

"ಬೈತಾಳೆ. ಅವಳು ಶುರು ಮಾಡಿದ್ರೆ ನಿಲ್ಸೋಳಲ್ಲ."

"ಬೈಲಿ ಬಿಡಿ."

ಹನಿ ಬಿತ್ತು. ಅತ್ತೆಯ ಮೈ ಒಮ್ಮೆ ಬೆಚ್ಚಿ ಸಡಿಲವಾಯಿತು. ಸೊಸೆ ಇನ್ನೊಂದು ಕಣ್ಣಿಗೂ ಬಿಟ್ಟು, ಡಾಕ್ಟರು ಹೇಳಿದ ಹಾಗೆ ಎರಡೂ ಕಣ್ಣು ಮುಚ್ಚಿಸಿ, ಮದ್ದು ಕಣ್ಣಲ್ಲೇ ನಿಲ್ಲುವ ಹಾಗೆ ಮೂಗಿನ ಬುಡದಲ್ಲಿ ಬೆರಳೊತ್ತಿ ಹಿಡಿದಳು. ಒಳಗಿನಿಂದ ಅನ್ನ ತಳ ಹಿಡಿಯುವ ವಾಸನೆ ಬಂತು. ಅತ್ತೆ ಏಳಲು ಹೋದಳು.

"ಮಲಗಿರಿ," ಎಂದಳು ಸೊಸೆ. ಬೆರಳು ತೆಗೆಯದೆ, ಒಲೆ ಆರಿಸಲು ಮಗಳನ್ನು ಕೂಗಿದಳು.